ಭದ್ರೆಯಲ್ಲಿ ಹಿಡಿದು ಬಿಟ್ಟ ಮೀನುಗಳು

ನನ್ನ ಹೆಂಡತಿ ತೀರಿಕೊಂಡ ಹತ್ತನೇ ದಿನ, ಕೂಡ್ಲಿಯಲ್ಲಿ, ಅವಳಿಗೆಂದು ಇಟ್ಟ ಪಿಂಡವನ್ನು ಕಾಗೆ ಮುಟ್ಟಲಿಲ್ಲ. ಯಾಕೆ ಮುಟ್ಟಲಿಲ್ಲ ಎಂಬುದು ಅಲ್ಲಿ ನಿಂತವರ ಪೈಕಿ ನನಗೊಬ್ಬನಿಗೆ ಗೊತ್ತು ಎಂದುಕೊಂಡಿದ್ದೆ. ನಾನು ಬಾಯಿ ಬಿಡಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಹೊಳೆ, ಮೀನು, ಬೆಳಗಿನ ಮಂಜು ಎಂದು ಚಂದದ ಮಾತಾಡಿ ಜಾರಿಕೊಳ್ಳುತ್ತೇನೆ. ಜಾರಿಕೊಳ್ಳುವುದರಲ್ಲಿ ನಾನು ಪಳಗಿದ ಕೈ.

ನಮ್ಮದು ಬೆಳ್ಳುಳ್ಳಿಯನ್ನೂ ಅಡುಗೆಮನೆಗೆ ಬಿಡದ ಮನೆ. ಅಂಥ ಮನೆಯವನಿಗೆ ಮೀನಿನ ಹುಚ್ಚು ಹತ್ತಿಸಿದ್ದು ಭದ್ರಾವತಿಯ ಕಾಗದನಗರ. ಕಾಗದ ಕಾರ್ಖಾನೆಯ ಲ್ಯಾಬಿನಲ್ಲಿ ಪಲ್ಪ್ ಪರೀಕ್ಷೆ ಮಾಡುವುದು ನನ್ನ ಕೆಲಸವಾಗಿತ್ತು. ಪಕ್ಕದ ಕ್ವಾರ್ಟರ್ಸಿನಲ್ಲಿ ಒಬ್ಬ ಫಿಟ್ಟರ್ ಇದ್ದ, ಮನೆಮಾತು ತಮಿಳು. ಅವನಪ್ಪನ ಕಾಲದಲ್ಲಿ ಮಿಶಿನ್ ಕೂರಿಸಲು ಬಂದಿದ್ದ ವಿದೇಶದ ಎಂಜಿನಿಯರೊಬ್ಬ ಊರಿಗೆ ಹೋಗುವಾಗ ತನ್ನ ಮೀನು ಹಿಡಿಯುವ ರಾಡನ್ನೂ ರೀಲನ್ನೂ ಅವರ ಮನೆಯಲ್ಲೇ ಬಿಟ್ಟು ಹೋಗಿದ್ದನಂತೆ. ಒಂದು ಭಾನುವಾರ ಫಿಟ್ಟರ್ ನಮ್ಮ ಬಾಗಿಲಿಗೆ ಬಂದು, ‘ಸಾಮಿ, ನೀವು ತಿನ್ಬೇಡಿ. ಸುಮ್ನೆ ಬಂದು ನಿಂತ್ಕೊಳಿ. ತಲೆ ತಣ್ಗಾಗ್ತದೆ’ ಎಂದು ಕರೆದ. ಹೋದೆ. ಆಮೇಲೆ ಇಪ್ಪತ್ತೈದು ವರ್ಷ ಹೋಗುತ್ತಲೇ ಇದ್ದೆ.

ನಮ್ಮ ಕಡೆಯ ಗಾಳಕ್ಕೆ ಎರೆಹುಳ ಚುಚ್ಚಿ, ಸೀಸದ ಗುಂಡು ಕಟ್ಟಿ, ನೀರಿಗೆಸೆದು ಬೀಡಿ ಹಚ್ಚಿಕೊಂಡು ಕೂತರಾಯಿತು. ಇದು ಹಾಗಲ್ಲ. ಇದರಲ್ಲಿ ಹುಳವೂ ಇಲ್ಲ, ಗುಂಡೂ ಇಲ್ಲ. ಕೊಕ್ಕೆಗೆ ಹುಂಜದ ಪುಕ್ಕ ಸುತ್ತಿ, ನೂಲು ಬಿಗಿದು, ಒಂದು ಸುಳ್ಳು ನೊಣ ಮಾಡಬೇಕು. ಅದಕ್ಕೆ ತೂಕವೇ ಇಲ್ಲ. ಹಿಂದಿರುವ ದಪ್ಪ ದಾರದ ಭಾರವೇ ಅದನ್ನು ಒಯ್ಯಬೇಕು. ತೋಳನ್ನು ಹಿಂದಕ್ಕೆ ತಂದು ಕಿವಿಯ ಹತ್ತಿರ ಒಂದು ಕ್ಷಣ ತಡೆಯಬೇಕು. ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಂಡ ಮೇಲೇ ಮುಂದಕ್ಕೆ ಬಿಡಬೇಕು. ಆ ಒಂದು ಕ್ಷಣ ತಡೆಯುವುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ನೊಣ ನನ್ನ ಅಂಗಿಗೆ, ಕಿವಿಗೆ, ಒಮ್ಮೆ ಫಿಟ್ಟರನ ಲುಂಗಿಗೆ ಸಿಕ್ಕಿಕೊಂಡದ್ದೂ ಆಯಿತು.

ಪುಕ್ಕಕ್ಕೆ ಕೋಳಿ ಅಂಗಡಿಗೆ ಹೋಗಬೇಕಿತ್ತು. ನಾನು ಅಂಗಡಿಯ ಹಿಂಬದಿಯಲ್ಲಿ ನಿಂತು ಪುಕ್ಕ ಆರಿಸುವುದನ್ನು ಯಾರೋ ನೋಡಿ ಮನೆಗೆ ಸುದ್ದಿ ಮುಟ್ಟಿಸಿದರು. ನನ್ನ ಹೆಂಡತಿ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳುತ್ತಿದ್ದವಳು. ಕೂಗಾಡುವ ಪೈಕಿಯಲ್ಲ, ಚುಚ್ಚುವ ಪೈಕಿ. ‘ತಿನ್ನಲ್ಲ, ಮಾರಲ್ಲ, ಹಿಡ್ದು ವಾಪಸ್ ಬಿಡ್ತಾರಂತೆ. ಬಿಡೋ ಹಾಗಿದ್ರೆ ಹಿಡಿಯೋದ್ಯಾಕ್ರೀ? ಅದ್ರ ಪಾಡಿಗೆ ಅದು ಇತ್ತಲ್ಲ’ ಅಂದಳು. ಹೊಳೆಯಿಂದ ಬಂದರೆ ಹಿತ್ತಲ ನಲ್ಲಿಯಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕು, ರಾಡು ಸ್ಕೂಟರಿನ ಶೆಡ್ಡಿನಲ್ಲೇ ಇರಬೇಕು ಎಂದು ಕಟ್ಟಪ್ಪಣೆ ಮಾಡಿದಳು. ಆದರೆ ನೊಣಕ್ಕೆ ಮಿಂಚು ಬೇಕೆಂದು ನಾನು ಜರಿ ಎಳೆ ಕೇಳಿದಾಗ ತಾನೇ ಹಳೇ ಸೀರೆಯ ಸೆರಗು ಹರಿದು ಕೊಟ್ಟಳು. ‘ಮೀನಾದ್ರೂ ಜರಿ ಉಟ್ಕೊಳ್ಲಿ’ ಅಂದಳು.

ನಮಗೆ ಮಕ್ಕಳಾಗಲಿಲ್ಲ. ಕೆಲಸ ಮುಗಿದ ಮೇಲೆ ಶಿವಮೊಗ್ಗಕ್ಕೆ ಬಂದು ನವುಲೆಯಲ್ಲಿ ಮನೆ ಮಾಡಿದೆವು. ಸಂಜೆ ಕೃಷಿ ಕಾಲೇಜಿನ ಕಡೆ ಇಬ್ಬರೂ ಒಂದು ಸುತ್ತು ನಡೆಯುತ್ತಿದ್ದೆವು. ಅವಳು ಮಾತಾಡುವಳು, ನಾನು ಹೂಂ ಅನ್ನುವೆ. ವಾರಕ್ಕೆರಡು ಬೆಳಗ್ಗೆ ನಾನು ಸ್ಕೂಟರ್ ಹತ್ತಿ ಭದ್ರಾವತಿ ದಾಟಿ, ಹೊಳೆಯ ಗುಂಟ ಮೇಲಕ್ಕೆ, ನನ್ನ ಹಳೇ ಜಾಗಕ್ಕೆ ಹೋಗುತ್ತಿದ್ದೆ. ಅಕೇಶಿಯಾ ತೋಪಿನ ನಡುವೆ ಒಂದು ಕಾಲುದಾರಿ, ಆಮೇಲೆ ಬಂಡೆಗಳು. ಬಂಡೆಯ ಕೆಳಗೆ ನೀರು ಮುರಿದು ಹರಿಯುವಲ್ಲಿ ಮೊಣಕಾಲುದ್ದ ಇಳಿದು ನಿಲ್ಲುವುದು. ಮಿಂಚುಳ್ಳಿಯೊಂದು ಯಾವಾಗಲೂ ಆಚೆ ಕೊಂಬೆಯಲ್ಲಿರುತ್ತಿತ್ತು. ಅದೃಷ್ಟವಿದ್ದರೆ ನೀರುನಾಯಿಗಳು. ಅಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಪ್ರಕೃತಿಯ ಜೊತೆ ಬೆರೆಯುವುದು ಎಂದು ಬರೆಯುತ್ತಾರಲ್ಲ, ನನಗೆ ಅದರರ್ಥ ಇಷ್ಟೇ: ಒಂದೆರಡು ಗಂಟೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಅವಳಿಗೆ ಕ್ಯಾನ್ಸರ್ ಎಂದು ತಿಳಿದದ್ದು ಬೇಸಿಗೆಯ ಕೊನೆಗೆ. ಶ್ರಾವಣದಲ್ಲಿ ಒಂದು ದಿನ, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕೂತಿದ್ದವಳು, ‘ರೀ, ನಿಮ್ಮ ಜಾಗಕ್ಕೆ ಒಂದ್ಸಲ ನನ್ನೂ ಕರ್ಕೊಂಡು ಹೋಗಿ’ ಅಂದಳು. ಆಗ ಡ್ಯಾಮಿನ ಗೇಟು ತೆಗೆದಿದ್ದರು, ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ‘ಈಗ ನಿಲ್ಲೋಕೇ ಜಾಗ ಇಲ್ಲ ಕಣೇ’ ಅಂದೆ. ಅದು ನಿಜ. ಕಾರ್ತಿಕದಲ್ಲಿ ಮತ್ತೆ ಕೇಳಿದಳು. ಆಗ ನೀರಿಳಿದು ತಿಳಿಯಾಗಿತ್ತು. ‘ಪಾಚಿ ಇದೆ, ಜಾರುತ್ತೆ’ ಅಂದೆ. ‘ನೀವು ಕೈ ಹಿಡ್ಕೊಳಿ, ಜಾರಲ್ಲ’ ಅಂದಳು. ‘ಮುಂದಿನ ವಾರ ನೋಡಣ’ ಅಂದೆ. ಅದು ಸುಳ್ಳು. ಅವಳು ಆ ಬಂಡೆಯ ಮೇಲೆ ಕೂತರೆ ಅದೂ ಮನೆಯೇ ಆಗಿಬಿಡುತ್ತದೆ, ಆಮೇಲೆ ನನಗೆ ಹೋಗಲು ಬೇರೆ ಜಾಗವಿರುವುದಿಲ್ಲ ಎಂದು ನನಗನ್ನಿಸಿತ್ತು. ಸಾಯುತ್ತಿರುವ ಹೆಂಡತಿ ಕೇಳಿದ್ದು ಒಂದೇ ಒಂದು, ಅದನ್ನೂ ನಾನು ಕೊಡಲಿಲ್ಲ. ಪುಷ್ಯದಲ್ಲಿ ಹೋಗಿಬಿಟ್ಟಳು.

ನನಗೆ ಅಳು ಬರಲಿಲ್ಲ. ಬರುತ್ತದೆಂದು ಎಲ್ಲರೂ ಕಾಯುತ್ತಿದ್ದರು. ಪಕ್ಕದ ಮನೆಯ ನಿವೃತ್ತ ಪ್ರೊಫೆಸರು ದಿನಾ ಬಂದು ನನ್ನ ಮುಖವನ್ನೇ ನೋಡುತ್ತಾ, ‘ಒಂದ್ಸಲ ಅತ್ತುಬಿಡಿ, ಹಗುರಾಗುತ್ತೆ’ ಎನ್ನುತ್ತಿದ್ದರು. ನಾನೇನು ಮೂಟೆ ಹೊತ್ತಿದ್ದೆನೇ, ಇಳಿಸಿ ಹಗುರಾಗಲು. ಭಾರವೂ ಇರಲಿಲ್ಲ, ನೋವೂ ಇರಲಿಲ್ಲ. ತಣ್ಣೀರಲ್ಲಿ ಬಹಳ ಹೊತ್ತು ನಿಂತರೆ ಮೊಣಕಾಲ ಕೆಳಗೆ ಜೋಮು ಹಿಡಿದು ಕಾಲೇ ಇಲ್ಲವೆನಿಸುತ್ತದೆ. ಮೈ ಮನಸ್ಸೆಲ್ಲ ಹಾಗಾಗಿತ್ತು. ಊಟ ಮಾಡಿದೆ, ನಿದ್ದೆ ಬಂತು, ಪೇಪರ್ ಓದಿದೆ. ಅವಳ ಕನ್ನಡಕವನ್ನು ಒರೆಸಿ ಡಬ್ಬಿಗೆ ಹಾಕಿಟ್ಟೆ. ಏನೂ ಆಗಲಿಲ್ಲ.

ಹತ್ತನೇ ದಿನ ಕೂಡ್ಲಿಗೆ ಹೋದೆವು. ತುಂಗೆಯೂ ಭದ್ರೆಯೂ ಸೇರುವಲ್ಲಿ, ಮೆಟ್ಟಿಲ ಮೇಲೆ. ಮಕ್ಕಳಿಲ್ಲದ್ದರಿಂದ ಕರ್ಮ ನಾನೇ ಮಾಡಬೇಕಿತ್ತು. ಜೊತೆಗೆ ಬಂದಿದ್ದವರು ನನ್ನ ಹೆಂಡತಿಯ ಅಕ್ಕ, ಭದ್ರಾವತಿಯ ಹಳೇನಗರದಲ್ಲಿರುವವರು, ನಾನು ಅತ್ತಿಗೆ ಎನ್ನುತ್ತೇನೆ. ಎಪ್ಪತ್ತು ದಾಟಿದೆ, ಮಾತು ಮಾತ್ರ ಮೆಣಸಿನಕಾಯಿ. ಪಿಂಡವನ್ನು ಬಾಳೆಲೆಯಲ್ಲಿಟ್ಟು ನಾವೆಲ್ಲ ಹಿಂದೆ ಸರಿದು ನಿಂತೆವು. ಎದುರು ಮರದಲ್ಲಿ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ. ಅರ್ಧ ಗಂಟೆಯಾಯಿತು.

‘ಏನೋ ಆಸೆ ಉಳ್ಕೊಂಡಿದೆ. ಗೊತ್ತಿರೋರು ಹೇಳಿ, ನಡೆಸ್ಕೊಡ್ತೀವಿ ಅಂತ ಮಾತು ಕೊಡಿ’ ಎಂದರು ಪುರೋಹಿತರು. ಅತ್ತಿಗೆ ಮುಂದೆ ಬಂದು, ‘ನಿನ್ನ ಗಂಡನ್ನ ನಾನು ನೋಡ್ಕೋತೀನಿ ಕಣೇ, ಯೋಚ್ನೆ ಮಾಡ್ಬೇಡ’ ಎಂದು ಕೈ ಮುಗಿದರು. ಕಾಗೆ ಬರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಹೊಳೆಗೆ ಕರೆದುಕೊಂಡು ಹೋಗುತ್ತೇನೆ ಎಂದು ನಾನು ಹೇಳಬೇಕಿತ್ತು. ಅಷ್ಟು ಜನರೆದುರಿಗೆ, ಸತ್ತವಳನ್ನು ಮೀನು ಹಿಡಿಯಲು ಕರೆದುಕೊಂಡು ಹೋಗುವುದೆಂದರೇನು? ನಾಚಿಕೆಯಾಯಿತು. ‘ಎಲ್ಲಾ ಆಗಿದೆ ಅವಳಿಗೆ’ ಅಂದೆ.

ಕೊನೆಗೆ ಪುರೋಹಿತರು ದರ್ಭೆಯನ್ನೇ ಕಾಗೆಯ ಹಾಗೆ ಗಂಟು ಹಾಕಿ ಪಿಂಡಕ್ಕೆ ಮುಟ್ಟಿಸಿ, ನೀರಿಗೆ ಬಿಡಲು ಹೇಳಿದರು. ಸೊಂಟದ ತನಕ ಇಳಿದು ಬಿಟ್ಟೆ. ಬಿಟ್ಟದ್ದೇ ತಡ, ಮೀನುಗಳು ಮುತ್ತಿದವು. ಮೊದಲು ಸಣ್ಣ ಸಸ್ಲಿ, ಆಮೇಲೆ ಜಿಲೇಬಿ ಮೀನು, ಕೆಳಗಿನಿಂದ ಒಂದು ಕಾಟ್ಲಾ. ಅದರ ಹಿಂದೆ, ಆಳದಲ್ಲಿ, ಹೊಂಬಣ್ಣದ್ದೊಂದು ನಿಧಾನಕ್ಕೆ ತಿರುಗಿತು. ಮಹಶೀರ್. ಅದು ಅನ್ನದ ತುಂಡನ್ನು ಮೂಗಿನಿಂದ ತಳ್ಳಿ ನೋಡಿ ಬಾಯಿಗೆ ಹಾಕಿಕೊಂಡಿತು. ಆಗ ನನಗೆ ಬಂದ ಯೋಚನೆಯನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಇದಕ್ಕೆ ಬಿಳಿ ಪುಕ್ಕದ ನೊಣ ಕಟ್ಟಿದರೆ ಬರುತ್ತದೆ ಎಂದುಕೊಂಡೆ.

ಯೋಚನೆಯಷ್ಟೇ ಆಗಿದ್ದರೆ ಹಾಳಾಗಿಹೋಗಲಿ ಅನ್ನಬಹುದಿತ್ತು. ಮನೆಗೆ ಬಂದು ಆ ಮಧ್ಯಾಹ್ನವೇ, ಸೂತಕ ಕಳೆಯುವ ಮೊದಲೇ, ಶೆಡ್ಡಿನಲ್ಲಿ ಕೂತು ಬಿಳಿ ಪುಕ್ಕ ಸುತ್ತಿ ಅನ್ನದಗುಳಿನಂಥ ನೊಣವೊಂದನ್ನು ಕಟ್ಟಿದೆ. ಬಹಳ ಅಚ್ಚುಕಟ್ಟಾಗಿ ಬಂತು. ಹಿಡಿದು ನೋಡಿದೆ. ನಾನು ಮನುಷ್ಯನೇನಾ ಎಂದು ಕೇಳಿಕೊಂಡೆ. ಆ ಪ್ರಶ್ನೆಯೂ ಎಲ್ಲೂ ತಾಗಲಿಲ್ಲ. ಅದನ್ನು ಒಂದು ಬೆಂಕಿಪೊಟ್ಟಣದಲ್ಲಿಟ್ಟು, ಪೊಟ್ಟಣದ ಸಮೇತ ಬಚ್ಚಲ ಒಲೆಗೆ ಹಾಕಿದೆ.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಮತ್ತೆ ಹೊಳೆಗೆ ಹೋಗತೊಡಗಿದೆ, ಈಗ ದಿನಾ. ಬೇರೆಲ್ಲೂ ಬಾರದ ಅಳು ಅಲ್ಲಾದರೂ ಬರಬಹುದು ಎಂಬ ಆಸೆ. ಅಕೇಶಿಯಾ ಹೂ ಬಿಟ್ಟಿತ್ತು, ದಾರಿಯೆಲ್ಲ ಹಳದಿ ಪುಡಿ. ಮಿಂಚುಳ್ಳಿ ಕೊಂಬೆಯಲ್ಲೇ ಇತ್ತು. ನೀರು ಬಂಡೆಯನ್ನು ಸುತ್ತಿ ಹರಿಯುತ್ತಿತ್ತು. ಎಲ್ಲವನ್ನೂ ನೋಡಿದೆ, ಯಾವುದೂ ಒಳಗೆ ಇಳಿಯಲಿಲ್ಲ. ತೋಳು ತಾನಾಗಿ ಹಿಂದಕ್ಕೆ ಹೋಗುವುದು, ತಡೆಯುವುದು, ಮುಂದಕ್ಕೆ ಬರುವುದು. ಮೀನು ಕಚ್ಚಿದರೆ ಎಳೆದು, ಕೊಕ್ಕೆ ಬಿಡಿಸಿ, ನೀರಿಗೆ ಬಿಡುವುದು. ಲ್ಯಾಬಿನಲ್ಲಿ ಪಲ್ಪ್ ತೂಗಿದ ಹಾಗೆ. ಫಿಟ್ಟರ್ ಇದ್ದಿದ್ದರೆ ಬೈಯುತ್ತಿದ್ದ. ಅವನು ಮಗಳ ಮನೆ ಸೇರಿ ವರ್ಷಗಳಾಗಿದ್ದವು.

ಎರಡನೇ ಮಾಸಿಕಕ್ಕೆ ಅತ್ತಿಗೆ ಬಂದರು. ಊಟವಾಗಿ, ಪುರೋಹಿತರು ಹೋದ ಮೇಲೆ, ಜಗುಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಾ, ‘ಅವತ್ತು ಕೂಡ್ಲೀಲಿ ನೀವು ಸುಳ್ಳು ಹೇಳಿದ್ರಿ’ ಅಂದರು.

‘ಅವಳು ಹೊಳೆಗೆ ಕರ್ಕೊಂಡು ಹೋಗಿ ಅಂತ ನಿಮ್ಮನ್ನ ಕೇಳಿದ್ದು ನಂಗೊತ್ತು ಮಾರಾಯ್ರೆ. ನೀವು ಕರ್ಕೊಂಡು ಹೋಗ್ಲಿಲ್ಲ. ನಾನು ಕರ್ಕೊಂಡು ಹೋದೆ.’

ನನಗೆ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಕಾರ್ತಿಕದ ಒಂದು ಬೆಳಗ್ಗೆ, ನಾನು ಸ್ಕೂಟರ್ ತೆಗೆದುಕೊಂಡು ಹೋದ ಮೇಲೆ, ಅತ್ತಿಗೆ ಭದ್ರಾವತಿಯಿಂದ ಆಟೋ ಮಾಡಿಕೊಂಡು ನವುಲೆಗೆ ಬಂದಿದ್ದಾರೆ. ಅವಳನ್ನು ಕೂರಿಸಿಕೊಂಡು, ಹೊಳೆಯ ಆಚೆ ದಡದಲ್ಲಿ ಹೊಲಗಳಿಗೆ ನೀರೆತ್ತುವ ಪಂಪ್‌ಹೌಸ್ ತನಕ ಹೋಗಿದ್ದಾರೆ. ಅದರ ಕಟ್ಟೆಯ ಮೇಲೆ ಇಬ್ಬರೂ ಕೂತು, ಡಬ್ಬಿಯಲ್ಲಿ ತಂದ ಅವಲಕ್ಕಿ ತಿಂದು, ಅರ್ಧ ಗಂಟೆ ನನ್ನನ್ನು ನೋಡಿದ್ದಾರೆ.

‘ನೀವೊಂದು ಮೀನು ಹಿಡಿದ್ರಿ. ಬಗ್ಗಿ ಅದನ್ನ ನೀರಲ್ಲೇ ಹಿಡ್ಕೊಂಡು ಏನೋ ಮಾತಾಡ್ತಿದ್ರಿ. ಅಷ್ಟು ದೂರಕ್ಕೆ ಕೇಳ್ಸಲ್ಲ, ಬಾಯಿ ಆಡೋದು ಕಾಣ್ತಿತ್ತು. ಒಳ್ಳೇ ಮೊಮ್ಮಗೂನ ಮಾತಾಡ್ಸಿದ ಹಾಗೆ. ಆಗ ಅವಳು ಅಂದ್ಲು, ನೋಡೇ ಅಕ್ಕ, ಇವ್ರಿಗೆ ಮಾತು ಬರುತ್ತೆ.’

ಅತ್ತಿಗೆಯ ಕೈಯ ಅಡಕತ್ತರಿ ನಿಂತಿತು. ಅವರು ಅಳುತ್ತಿದ್ದರು. ನಾನು ಅಳುತ್ತಿರಲಿಲ್ಲ.

‘ಕೂಗಿ ಕರೀಲಾ ಅಂದೆ. ಬೇಡ, ಕರೆದ್ರೆ ನಿಲ್ಸಿಬಿಡ್ತಾರೆ ಅಂದ್ಲು. ದಾರೀಲೆಲ್ಲ ಅದೇ. ಏನು ಹೇಳ್ತಿದ್ರೋ, ಅಷ್ಟು ಹೊತ್ತು ಏನು ಹೇಳ್ತಿದ್ರೋ. ಹತ್ರ ಹೋಗಿ ಕೇಳ್ಬೇಕು ಅಂದ್ಲು. ಆವತ್ತು ಸಂಜೆ ನಿಮ್ಮನ್ನ ಮತ್ತೆ ಕೇಳಿದ್ಲಂತಲ್ಲ?’

ಕೇಳಿದ್ದಳು. ಕೈ ಹಿಡ್ಕೊಳಿ, ಜಾರಲ್ಲ ಎಂದದ್ದು ಅದೇ ಸಂಜೆ. ಅವಳಿಗೆ ಹೊಳೆ ಬೇಕಿರಲಿಲ್ಲ, ಮೀನೂ ಬೇಕಿರಲಿಲ್ಲ. ಮೂವತ್ತು ವರ್ಷ ಹೂಂ ಎಂದಷ್ಟೇ ಅಂದವನು ಅಲ್ಲಿ ಏನು ಮಾತಾಡುತ್ತಾನೆ ಎಂದು ಕೇಳಿಸಿಕೊಳ್ಳುವುದು ಬೇಕಿತ್ತು.

‘ಏನು ಹೇಳ್ತೀರಿ ಆ ಮೀನಿಗೆ?’ ಅತ್ತಿಗೆ ಕೇಳಿದರು.

‘ನೆನಪಿಲ್ಲ. ಮಾತಾಡ್ತೀನಿ ಅಂತಲೇ ನಂಗೆ ಗೊತ್ತಿಲ್ಲ’ ಅಂದೆ. ಅದು ಸತ್ಯ.

‘ಹಾಗಾದ್ರೆ ನಾಳೆ ನಾನೂ ಬರ್ತೀನಿ. ಅವಳ ಬದಲು ನಾನು ಕೇಳಿಸ್ಕೋತೀನಿ’ ಎಂದರು. ಬೇಡವೆನ್ನಲು ನನಗೆ ಮುಖವಿರಲಿಲ್ಲ.

ಮರುದಿನ ಆಟೋದಲ್ಲಿ ಹೋದೆವು. ಎಪ್ಪತ್ತು ದಾಟಿದ ಹೆಂಗಸು ಸೀರೆ ಎತ್ತಿ ಕಟ್ಟಿಕೊಂಡು, ನನ್ನ ಮುಂಗೈ ಹಿಡಿದು, ಪಾಚಿಗಟ್ಟಿದ ಬಂಡೆಗಳನ್ನು ದಾಟಿದರು. ಎಲ್ಲೂ ಜಾರಲಿಲ್ಲ. ನೀರಿನ ಅಂಚಿನಲ್ಲೇ ಒಂದು ಕಲ್ಲು ನೋಡಿಕೊಂಡು ಕೂತರು. ಇಷ್ಟೇ ಆಗಬೇಕಿತ್ತು. ಹತ್ತು ನಿಮಿಷದ ಕೆಲಸ.

ಮೊದಲ ಮೀನು ಬೇಗ ಬಂತು, ಅಂಗೈ ಉದ್ದದ್ದು. ಅವರು ಕಿವಿಗೊಟ್ಟು ಕೂತಿರುವುದು ಗೊತ್ತಿದ್ದರಿಂದ ನನ್ನ ಬಾಯಿ ಹೊಲಿದ ಹಾಗಾಯಿತು. ಕೊಕ್ಕೆ ಬಿಡಿಸಿ ಬಿಟ್ಟೆ. ‘ಏನೂ ಹೇಳ್ಲಿಲ್ಲ’ ಎಂದರು, ಪರೀಕ್ಷೆಯಲ್ಲಿ ಫೇಲಾದವನಿಗೆ ಹೇಳುವ ಹಾಗೆ. ‘ಯಾರಾದ್ರೂ ಎದುರಿಗೆ ಕೂತ್ರೆ ಹೇಗೆ ಬರುತ್ತೆ’ ಎಂದು ಸಿಡುಕಿದೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಬಿಸಿಲೇರಿತು. ಅತ್ತಿಗೆ ಕಲ್ಲಿನ ಮೇಲೆ ತೂಕಡಿಸತೊಡಗಿದರು.

ದಾರ ಒಮ್ಮೆಲೇ ಬಿಗಿಯಿತು. ದೊಡ್ಡದು. ರೀಲು ಕಿರ್ರೆಂದು ಬಿಚ್ಚಿಕೊಂಡಿತು. ಅದು ಹೊಳೆಯ ಮಧ್ಯಕ್ಕೆ ಓಡಿತು, ತಿರುಗಿತು, ಬಂಡೆಯ ಕೆಳಗೆ ಹೋಗಿ ಕೂತಿತು. ಕಾಲು ಗಂಟೆ ಬಿಟ್ಟು ಹಿಡಿದು, ಬಿಟ್ಟು ಹಿಡಿದು ಹತ್ತಿರ ತಂದಾಗ ಸುಸ್ತಾಗಿ ಮಗ್ಗುಲಾಯಿತು. ಮಹಶೀರ್, ನನ್ನ ಮೊಳಕ್ಕಿಂತ ಉದ್ದ. ಕೊಕ್ಕೆ ತುಟಿಯಲ್ಲಿರಲಿಲ್ಲ, ಒಳಗೆ, ಗಂಟಲ ಹತ್ತಿರ ಸಿಕ್ಕಿತ್ತು. ರಾಡನ್ನು ಕಂಕುಳಿಗೆ ಸಿಕ್ಕಿಸಿ, ಮಂಡಿಯೂರಿ, ಒಂದು ಕೈಯಲ್ಲಿ ಅದರ ಹೊಟ್ಟೆಯನ್ನು ಆತುಕೊಂಡು ಇನ್ನೊಂದನ್ನು ಬಾಯೊಳಗೆ ಹಾಕಿದೆ. ಅದು ಒದ್ದಾಡಿತು. ಕಿವಿರು ತೆರೆದು ಮುಚ್ಚುತ್ತಿತ್ತು. ಅತ್ತಿಗೆ ಎಚ್ಚರಾಗಿದ್ದರೋ ಇಲ್ಲವೋ ನಾನು ನೋಡಲಿಲ್ಲ.

‘ಆಯ್ತು, ಆಯ್ತು ಕಣೇ. ಹೆದರ್ಬೇಡ, ನಾನ್ ಹಿಡ್ಕೊಂಡಿದೀನಿ. ಎಲ್ಲೂ ಹೋಗಲ್ಲ. ಒಂದೇ ನಿಮಿಷ, ಜಾಸ್ತಿ ನೋವಾಗಲ್ಲ. ಎಷ್ಟು ತಡ್ಕೊಂಡಿದೀಯ, ಇನ್ನೊಂಚೂರು. ಇಗೋ ಬಂತು. ಬಂತು ನೋಡು. ಜಾಣೆ.’

ಕೊಕ್ಕೆ ಕೈಗೆ ಬಂತು. ಮಾತೂ ಆಗಲೇ ಕಿವಿಗೆ ಬಿತ್ತು, ಬೇರೆ ಯಾರೋ ಆಡಿದ ಹಾಗೆ. ಮೀನಿನ ತಲೆಯನ್ನು ಹರಿವಿಗೆದುರಾಗಿ ಹಿಡಿದು ನಿಲ್ಲಿಸಿದೆ. ಉಸಿರು ಸುಧಾರಿಸಿಕೊಳ್ಳುವ ತನಕ ಹಾಗೆ ಹಿಡಿದಿರಬೇಕು, ಅವಸರದಲ್ಲಿ ಬಿಟ್ಟರೆ ಸಾಯುತ್ತದೆ. ಬಾಲ ಒಮ್ಮೆ ಆಡಿತು, ಇನ್ನೊಮ್ಮೆ ಆಡಿತು, ಆಮೇಲೆ ನನ್ನ ಕೈಯಿಂದ ಹೊರಟುಹೋಯಿತು. ನನ್ನ ಕೈಗಳು ನೀರಲ್ಲೇ ಇದ್ದವು.

ಆಸ್ಪತ್ರೆಯಲ್ಲಿ ಅವಳ ನರ ಸಿಗದೆ ನರ್ಸು ನಾಲ್ಕನೇ ಬಾರಿ ಸೂಜಿ ಹಿಡಿದು ಬಂದಾಗ, ಅವಳು ನನ್ನ ಕಡೆ ತಿರುಗಿ, ‘ತುಂಬಾ ನೋವಾಗುತ್ತೇನ್ರೀ?’ ಎಂದು ಕೇಳಿದ್ದಳು. ನಾನು ಬಾಗಿಲ ಹತ್ತಿರ ಫೈಲು ಹಿಡಿದು ನಿಂತಿದ್ದೆ. ‘ಡಾಕ್ಟರನ್ನ ಕೇಳು’ ಅಂದಿದ್ದೆ.

‘ಏಳಿ ಮಾರಾಯ್ರೆ, ನೀರು ತಣ್ಣಗಿದೆ’ ಎಂದರು ಅತ್ತಿಗೆ, ಹಿಂದಿನಿಂದ. ಅವರ ದನಿ ಒಡೆದಿತ್ತು. ಎಲ್ಲ ಕೇಳಿಸಿಕೊಂಡಿದ್ದರು.

‘ಡಾಕ್ಟರನ್ನ ಕೇಳು ಅಂದಿದ್ದೆ ಅತ್ತಿಗೆ’ ಅಂದೆ.

‘ಯಾರಿಗೆ?’

ಹೇಳಿದೆ. ಆಸ್ಪತ್ರೆಯದು, ಕಾರ್ತಿಕದ್ದು, ಬಿಳಿ ಪುಕ್ಕದ್ದು, ಒಂದೂ ಬಿಡದೆ, ಮಂಡಿಯೂರಿದಲ್ಲಿಂದಲೇ ಹೇಳಿದೆ. ಅಳು ಬಂತೇ ಎಂದರೆ, ಇಲ್ಲ, ಬರಲಿಲ್ಲ. ಕಾಲು ಪೂರ್ತಿ ಜೋಮು ಹಿಡಿದಿತ್ತು. ಬಾಯಿ ಮಾತ್ರ ನಿಲ್ಲಲಿಲ್ಲ.